ನಲವತ್ತಮೂರಕ್ಕೇ ಇಟ್ಟಿದ್ದೆ

ಮಂಗಳವಾರ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಠಾಣೆಗೆ ದೂರು ಬಂತು. ತಂದವನು ಸತ್ತವನ ಬಾಮೈದ. ಗ್ಯಾರೇಜಿನ ಷಟರ್ ಎತ್ತಿದರೆ ಭಾವ ಬಿಳಿ ಕಾರಿನ ಮುಂದೆ ಬೋರಲು ಬಿದ್ದಿದ್ದಾರೆ, ತಲೆ ಒಡೆದಿದೆ, ಮೈ ತಣ್ಣಗಾಗಿದೆ ಎಂದು ಒಂದೇ ಉಸಿರಿಗೆ ಹೇಳಿ ಬೆಂಚಿನ ಮೇಲೆ ಕುಸಿದ. ಮುಖ್ಯ ಪೇದೆ ನೀರು ಕೊಟ್ಟರು. ಅವನು ಲೋಟ ಹಿಡಿದುಕೊಂಡೇ ಕೂತ, ಕುಡಿಯಲಿಲ್ಲ.

ಇನ್‌ಸ್ಪೆಕ್ಟರಿಗೆ ಅಳುವವರ ಮುಂದೆ ಮೆತ್ತಗಾಗುವ ಅಭ್ಯಾಸವಿರಲಿಲ್ಲ. ಅಳು ಬೇಗ ಒಣಗುತ್ತದೆ, ಅಷ್ಟರೊಳಗೆ ಕೇಳಬೇಕಾದ್ದನ್ನು ಕೇಳಿಬಿಡಬೇಕು ಎಂಬುದು ಆಕೆಯ ಲೆಕ್ಕ. ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು.

"ಭಾವನನ್ನ ಕೊನೆಗೆ ನೋಡಿದ್ದು ಯಾವಾಗ?"

"ನಿನ್ನೆ ಸಂಜೆ ಆರಕ್ಕೆ ಮೇಡಂ. ನಾನು ಮನೆಗೆ ಹೊರಟೆ. ಅವರು ಕೆಲಸ ಮಾಡ್ತಿದ್ರು."

"ಜೊತೆಗೆ ಯಾರಿದ್ರು?"

"ಆ ಬಿಳಿ ಕಾರಿನ ಓನರ್."

"ರಾತ್ರಿಯೆಲ್ಲಾ ಮನೆಗೆ ಬರಲಿಲ್ಲ ಅಂತ ಯಾರೂ ಹುಡುಕಲಿಲ್ವಾ?"

"ರೇಸ್ ಹತ್ತಿರ ಬಂದ್ರೆ ಅವರು ಗ್ಯಾರೇಜಲ್ಲೇ ಮಲಗ್ತಾರೆ. ಅಕ್ಕನಿಗೂ ಅಭ್ಯಾಸ ಆಗಿದೆ."

"ಓನರ್ ಜೊತೆ ಜಗಳ ಏನಾದ್ರೂ?"

ಅವನು ಲೋಟವನ್ನೇ ನೋಡುತ್ತ ಹೇಳಿದ. "ಹೋದ ತಿಂಗಳು ಅವರ ಇಂಜಿನ್ ಕೆಟ್ಟಿತ್ತು. ಬೀದೀಲಿ ಭಾವನ ಕಾಲರ್ ಹಿಡಿದು, ಇನ್ನೊಂದ್ಸಲ ಹೀಗಾದ್ರೆ ಜೀವ ತೆಗೀತೀನಿ ಅಂದಿದ್ರು. ಎಲ್ಲರೂ ಕೇಳಿಸ್ಕೊಂಡಿದಾರೆ."

ಎಫ್‌ಐಆರ್ ದಾಖಲಾಯಿತು. ಒಂಬತ್ತೂಕಾಲಿಗೆ ಜೀಪು ಗ್ಯಾರೇಜುಗಳ ಬೀದಿಗೆ ಬಂತು.

ಆ ಬೀದಿಯಲ್ಲಿ ಸತ್ತವನನ್ನು ಎಲ್ಲರೂ ಭಾವ ಎಂದೇ ಕರೆಯುತ್ತಿದ್ದರು. ಬಾಮೈದ ಕರೆದದ್ದು ಕಿವಿಗೆ ಬಿದ್ದು ಬಿದ್ದು ಬೀದಿಗೇ ಭಾವನಾಗಿದ್ದ. ಸಾದಾ ಕಾರನ್ನು ತಂದುಕೊಟ್ಟರೆ ಅದರ ಇಂಜಿನ್ ಬಿಚ್ಚಿ, ಟರ್ಬೊ ಕೂರಿಸಿ, ಪೆಟ್ರೋಲು ಗಾಳಿಗಳ ಹದ ಹೊಂದಿಸಿ, ರೇಸಿನ ಕುದುರೆ ಮಾಡಿ ಕಳಿಸುವುದು ಅವನ ಕಸುಬು. ಈಗ ಆ ಕಸುಬುದಾರನ ತಲೆಯ ಹಿಂಭಾಗವೇ ಇರಲಿಲ್ಲ. ಬಂಪರಿನ ಮೇಲೆ, ರೇಡಿಯೇಟರಿನ ಮೇಲೆ, ತೆರೆದ ಬಾನೆಟ್ಟಿನ ಒಳಮೈ ಮೇಲೆ ರಕ್ತ ಸಿಡಿದು ಕಪ್ಪಾಗಿತ್ತು. ಹಲ್ಲೊಂದು ಫ್ಯಾನಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಹೊಸ ಪೇದೆಯೊಬ್ಬ ಹೊರಗೆ ಓಡಿ ಗೋಡೆ ಹಿಡಿದುಕೊಂಡ. ಒಂಬತ್ತು ಏಟು ಬಿದ್ದಿವೆ, ಎರಡನೆಯದಕ್ಕೇ ಪ್ರಾಣ ಹೋಗಿದೆ ಎಂದು ಶವಪರೀಕ್ಷೆ ಮಾಡಿದ ವೈದ್ಯರು ಅದೇ ಮಧ್ಯಾಹ್ನ ಬರೆದರು. ಹೊಡೆದ ಆಯುಧ ಎಲ್ಲೂ ಕಾಣಲಿಲ್ಲ.

ಪಂಚರ ಸಹಿ ಹಾಕಿಸುವ ಹೊತ್ತಿಗೆ ಮುಖ್ಯ ಪೇದೆಗೆ ಫೋನು ಬಂತು. ಅವರ ಮುಖ ಬಿಳಿಚಿತು.

"ಮೇಡಂ, ಬೀದಿಯವರೆಲ್ಲ ಓನರ್ ಮನೆಗೆ ನುಗ್ಗಿದಾರೆ."

ಜೀಪು ತಲುಪುವಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು. ಓನರನ್ನು ಕಾಲು ಹಿಡಿದು ಮೆಟ್ಟಿಲ ಮೇಲಿಂದ ಎಳೆದುಕೊಂಡು ಬಂದಿದ್ದರು. ಒಬ್ಬನ ಕೈಯಲ್ಲಿ ವೀಲ್ ಸ್ಪ್ಯಾನರ್, ಇನ್ನೊಬ್ಬನ ಕೈಯಲ್ಲಿ ಸೈಲೆನ್ಸರಿನ ತುಂಡು. ಇನ್‌ಸ್ಪೆಕ್ಟರ್ ಲಾಠಿ ಬೀಸಿಕೊಂಡೇ ಒಳನುಗ್ಗಿದರು. ಅಡ್ಡ ಬಂದ ಮೊಣಕಾಲಿಗೆ, ಮೊಣಕೈಗೆ ಲೆಕ್ಕವಿಲ್ಲದೆ ಬಾರಿಸಿದರು. ಅಷ್ಟಾದರೂ ಒಬ್ಬ, ಆಕೆಯ ಕಣ್ಣೆದುರಿಗೇ, ಬಿದ್ದವನ ಬಲಗೈಯನ್ನು ಹೊಸ್ತಿಲ ಮೇಲಿಟ್ಟು ಬೂಟಿನಿಂದ ತುಳಿದ. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ನಾಲ್ವರನ್ನು ಅಲ್ಲೇ ಹಿಡಿದು ಜೀಪಿಗೆ ತುಂಬಿದರು.

ಓನರನ ದವಡೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ತಂತಿ ಹಾಕಿ ಬಿಗಿದರು. ಮಾತಾಡುವಂತಿಲ್ಲ, ಬಲಗೈಯಲ್ಲಿ ಬರೆಯುವಂತಿಲ್ಲ. ನಿನ್ನೆ ಸಂಜೆ ಎಲ್ಲಿದ್ದೆ ಎಂದು ಕೇಳಿದರೆ ಒಂದು ಕಣ್ಣಿನಲ್ಲಿ ನೀರು ಸುರಿಸುತ್ತ ತಲೆ ಅಲ್ಲಾಡಿಸುತ್ತಿದ್ದ, ಅಷ್ಟೆ.

ಮಧ್ಯಾಹ್ನ ಮೇಲಧಿಕಾರಿಯ ಫೋನು.

"ಬೆದರಿಕೆ ಹಾಕಿದಾನೆ, ಕೊನೆಗೆ ಜೊತೆಗಿದ್ದವನೂ ಅವನೇ. ಇನ್ನೇನು ಬೇಕಮ್ಮ ನಿಮಗೆ? ನಾಳೆ ಬೆಳಿಗ್ಗೆ ದಸ್ತಗಿರಿ ತೋರಿಸಿ ಮುಗಿಸಿ."

"ಅವನಲ್ಲದಿದ್ರೆ ಸರ್?"

"ಹಾಗಾದ್ರೆ ಬಿಟ್ಟುಬಿಡಿ. ಆಸ್ಪತ್ರೆ ಗೇಟಲ್ಲಿ ಜನ ಕಾಯ್ತಿದಾರಲ್ಲ, ಅವರೇ ನೋಡ್ಕೋತಾರೆ."

ಮಾತು ಕಹಿಯಾಗಿದ್ದರೂ ಸುಳ್ಳಲ್ಲ. ಒಳಗಿಟ್ಟರೆ ಕೊಲೆಗಾರ ಎಂಬ ಹಣೆಪಟ್ಟಿ, ಹೊರಗೆ ಬಿಟ್ಟರೆ ಹೆಣ. ನಿಜವಾಗಿ ಕೊಂದವನು ನಾಳೆ ಬೆಳಿಗ್ಗೆಯೊಳಗೆ ಸಿಕ್ಕರೆ ಮಾತ್ರ ಆ ಮನುಷ್ಯ ಬದುಕುತ್ತಾನೆ. ಇನ್‌ಸ್ಪೆಕ್ಟರ್ ಊಟದ ಡಬ್ಬಿಯನ್ನು ಮುಚ್ಚಿಟ್ಟು ಮತ್ತೆ ಗ್ಯಾರೇಜಿಗೆ ಹೊರಟರು.

ಜೀಪಿನ ಡ್ರೈವರ್ ಮಹಾ ವಾಚಾಳಿ. ಯಾವ ವಾಹನ ಕಂಡರೂ ಅದರೊಳಗೆ ಮೂಗು ತೂರಿಸದಿದ್ದರೆ ಅವನಿಗೆ ನಿದ್ದೆ ಬಾರದು. ಪ್ರಯೋಗಾಲಯದವರು ಮಾದರಿ ತೆಗೆದು ಮುಗಿಸುವುದನ್ನೇ ಕಾದಿದ್ದು ಬಾನೆಟ್ಟಿನ ಕೆಳಗೆ ತಲೆ ಹಾಕಿದ. ಹಾಕಿದವನು ಅಪರೂಪಕ್ಕೆ ಮೌನವಾದ.

"ಏನಯ್ಯಾ?"

"ಇಲ್ಲಿ ನೋಡಿ ಮೇಡಂ. ಇದು ರೆಗ್ಯುಲೇಟರ್ರು. ಪೆಟ್ರೋಲು ಎಷ್ಟು ಒತ್ತಡದಲ್ಲಿ ಇಂಜಿನ್‌ಗೆ ಹೋಗ್ಬೇಕೋ ಅದನ್ನ ಈ ತಿರುಪು ತಿರುಗಿಸಿ ಇಡ್ತಾರೆ. ಇಡೋವಾಗ ಈ ಸಣ್ಣ ರಬ್ಬರ್ ಪೈಪ್ ಕಿತ್ತು ಬಾಯಿ ಮುಚ್ಚಿಡ್ಬೇಕು, ಇಲ್ದಿದ್ರೆ ಲೆಕ್ಕ ತಪ್ಪುತ್ತೆ. ಇಟ್ಟಾದ್ಮೇಲೆ ವಾಪಸ್ ಸಿಗಿಸ್ಬೇಕು."

"ಸರಿ, ಅದಕ್ಕೇನು?"

"ಸುತ್ತ ಎಲ್ಲಾ ರಕ್ತದ ಹನಿ ಇದೆ. ಪೈಪ್ ಮೇಲೆ ಮಾತ್ರ ಒಂದೂ ಇಲ್ಲ."

ಪಂಚರ ಎದುರಿಗೆ ಪೈಪು ಬಿಚ್ಚಿಸಿದರು. ಅದು ಸಿಕ್ಕಿಸಿದ್ದ ಹಿತ್ತಾಳೆ ಮೂತಿಯ ಮೇಲೆ, ಪೈಪಿನ ಅಡಿಯಲ್ಲಿ, ರಕ್ತ ಅಪ್ಪಚ್ಚಿಯಾಗಿ ಒಣಗಿತ್ತು. ಇನ್‌ಸ್ಪೆಕ್ಟರಿಗೆ ಹೊಳೆಯಿತು. ತಲೆ ಒಡೆಯುವಾಗ ಪೈಪು ಅಲ್ಲಿರಲಿಲ್ಲ. ಹೆಣ ಕಾಲಬುಡದಲ್ಲಿ ಬಿದ್ದ ಮೇಲೆ ಯಾರೋ ನಿಂತು ಕೆಲಸ ಮುಗಿಸಿ, ಪೈಪು ಸಿಗಿಸಿ ಹೋಗಿದ್ದಾರೆ.

"ಎಷ್ಟಕ್ಕೆ ಇಟ್ಟಿದಾರೆ, ನೋಡೋಕಾಗುತ್ತಾ?"

ಪೆಟ್ರೋಲಿನ ದಾರಿಗೆ ಒತ್ತಡ ತೋರಿಸುವ ಎರಡು ಗೇಜು ಜೋಡಿಸಿದ್ದರು. ಒಂದು ಜಿಡ್ಡು ಹಿಡಿದ ಹಳೆಯದು, ಇನ್ನೊಂದು ಡಬ್ಬಿಯಿಂದ ಈಗತಾನೆ ತೆಗೆದಂಥ ಹೊಸದು. ಡ್ರೈವರ್ ಪೈಪಿನ ಬಾಯಿ ಮುಚ್ಚಿ ಇಂಜಿನ್ ಚಾಲೂ ಮಾಡಿದ. ಎರಡೂ ಮುಳ್ಳು ನಲವತ್ತಮೂರರಲ್ಲಿ ನಿಂತವು. ಈ ಇಂಜಿನ್ನಿಗೆ ಅದೇ ಸರಿಯಾದ ಲೆಕ್ಕವೆಂದು ಡ್ರೈವರ್ ಹೇಳಿದ. ಡ್ಯಾಷ್‌ಬೋರ್ಡಿನ ಮೀಟರು ಒಂದು ಪಾಲು ಪೆಟ್ರೋಲಿಗೆ ಹದಿನಾಲ್ಕೂ ಮುಕ್ಕಾಲು ಪಾಲು ಗಾಳಿ ತೋರಿಸುತ್ತಿತ್ತು. ಬೆಣ್ಣೆಯಂಥ ಹದ ಎಂದು ಅವನು ತಲೆದೂಗಿದ. ಇಂಜಿನ್ ಕಾಯುತ್ತಾ ಬಂತು. ಹೊಸ ಗೇಜಿನ ಮುಳ್ಳು ಕದಲಲಿಲ್ಲ. ಹಳೆಯದರ ಮುಳ್ಳು ಮಾತ್ರ ಕಂಡೂ ಕಾಣದಂತೆ ಹಿಂದೆ ಸರಿದು ಮೂವತ್ತಾರಕ್ಕೆ ಬಂದು ಕೂತಿತು.

"ಒಳಗೆ ಎಣ್ಣೆ ತುಂಬಿರೋ ಗೇಜು ಮೇಡಂ. ಎಣ್ಣೆ ಕಾದು ಮುಳ್ಳನ್ನ ಹಿಂದಕ್ಕೆ ತಳ್ಳುತ್ತೆ. ತಣ್ಣಗಿದ್ರೆ ನಿಜ ಹೇಳುತ್ತೆ, ಬಿಸಿಯಾದ್ರೆ ಶುದ್ಧ ಸುಳ್ಳು."

ಪಕ್ಕದ ಟೈರ್ ಅಂಗಡಿಯವನನ್ನು ಕರೆಸಿದರು. ಓನರ್ ಮನೆಗೆ ನಾನು ಹೋಗಿರಲಿಲ್ಲ ಮೇಡಂ ಎಂದು ಯಾರೂ ಕೇಳದೆಯೇ ಹೇಳಿಬಿಟ್ಟ.

"ಅದಿರ್ಲಿ. ಓನರ್‌ಗೆ ಇಂಜಿನ್ ಕೆಲಸ ಬರುತ್ತಾ?"

"ಅಯ್ಯೋ, ಬಾನೆಟ್ ಎತ್ತೋಕೂ ಭಾವನನ್ನೇ ಕರೀತಿದ್ದ ಗಿರಾಕಿ ಅದು. ಯಾರೋ ಹೇಳಿದ್ರು ಅಂತ ನಿನ್ನೆ ಹೊಸ ಗೇಜು ತಂದುಕೊಟ್ಟ, ಹೋದ."

"ಎಷ್ಟೊತ್ತಿಗೆ ಹೋದ?"

"ನೋಡಲಿಲ್ಲ ಮೇಡಂ."

"ಬಾಮೈದ ಹೇಗೆ?"

"ಪಾಪದವನು. ಕೈ ಮಾತ್ರ ಸರಿಯಿಲ್ಲ. ಸಂಜೆ ಇವನು ಪ್ರೆಷರ್ ಇಟ್ಟುಹೋಗೋದು, ಬೆಳಿಗ್ಗೆ ಭಾವ ನೋಡಿದ್ರೆ ಐವತ್ತು. ಕೈಗೆ ಸಿಕ್ಕಿದ್ದರಲ್ಲಿ ಬಾರಿಸೋರು. ಒಂದ್ಸಲ ಕಿವಿ ಹರಿದು ಹೊಲಿಗೆ ಬಿತ್ತು. 'ನಲವತ್ತಮೂರಕ್ಕೇ ಇಟ್ಟಿದ್ದೆ ಭಾವ' ಅಂತ ಅಳೋನು." ಟೈರಿನವನಿಗೆ ನಗು ತಡೆಯಲಾಗಲಿಲ್ಲ. "ನಮಗೆ ಬೆಳಗಾದ್ರೆ ಅದೊಂದು ತಮಾಷೆ."

"ಎಷ್ಟು ವರ್ಷದಿಂದ?"

"ಆರು ವರ್ಷ ಇರ್ಬೇಕು."

ಇನ್‌ಸ್ಪೆಕ್ಟರ್ ನಗಲಿಲ್ಲ. ಸಂಜೆ ಎಂದರೆ ದಿನವೆಲ್ಲ ಓಡಿ ಕಾದ ಇಂಜಿನ್. ಬೆಳಿಗ್ಗೆ ಎಂದರೆ ತಣ್ಣಗಿರುವ ಇಂಜಿನ್. ಕಾದ ಗೇಜು ಏಳು ಕಡಿಮೆ ತೋರಿಸಿದರೆ, ನಲವತ್ತಮೂರೆಂದು ನಂಬಿ ಇಟ್ಟದ್ದು ನಿಜದಲ್ಲಿ ಐವತ್ತು.

ಐದು ಗಂಟೆಗೆ ಸತ್ತವನ ಮನೆ; ಬಾಮೈದ ಇದ್ದದ್ದೂ ಅಲ್ಲೇ. ಬಾಗಿಲು ತೆರೆದವಳು ಅಕ್ಕ, ಸತ್ತವನ ಹೆಂಡತಿ. ಅತ್ತು ಅತ್ತು ಸ್ವರ ಬಿದ್ದುಹೋಗಿತ್ತು.

"ತಮ್ಮ ನಿನ್ನೆ ಎಷ್ಟೊತ್ತಿಗೆ ಬಂದ?"

"ಎಂಟಾಗಿತ್ತು. ಬಂದವನೇ ಸ್ನಾನಕ್ಕೆ ಹೋದ. ಊಟ ಬೇಡ ಅಂದ."

ಆರಕ್ಕೇ ಗ್ಯಾರೇಜು ಬಿಟ್ಟವನಿಗೆ ಹತ್ತು ನಿಮಿಷದ ದಾರಿ.

"ನಿಮ್ಮ ಯಜಮಾನರು ಅವನಿಗೆ ಹೊಡೀತಿದ್ರಂತೆ?"

"ಕೆಲಸ ಕಲಿಸೋರು ಹೊಡೆಯಲ್ವಾ ಮೇಡಂ? ಕಣ್ಣು ಬಿಟ್ಟು ನೋಡಿ ಮಾಡೋ ಅಂತ ನಾನೂ ಬೈತಿದ್ದೆ."

ಬಾಮೈದ ಒಳಗಿಂದ ಬಂದ. ಎಡ ಮುಂಗೈ ಮೇಲೆ ಮೊಣಕೈವರೆಗೂ ಹಳೆಯ ಗಾಯಗಳ ಗೆರೆಗಳು. ಮುಖಕ್ಕೆ ಬೀಳುವ ಏಟಿಗೆ ಅಡ್ಡ ಹಿಡಿದ ಕೈಯ ಮೇಲೆ ಬೀಳುವಂಥವು.

"ನಡಿ. ಒಬ್ಬರನ್ನ ಗುರುತಿಸಬೇಕು," ಎಂದರು ಇನ್‌ಸ್ಪೆಕ್ಟರ್.

ಆಸ್ಪತ್ರೆಯಲ್ಲಿ ಓನರನ ಕಾಲು ಮಂಚಕ್ಕೆ ಬೇಡಿ ಹಾಕಿತ್ತು. ಮುಖ ಊದಿ ಮನುಷ್ಯರ ಮುಖದಂತಿರಲಿಲ್ಲ. ತಂತಿ ಬಿಗಿದ ಬಾಯಿಂದ ಕೆಂಪು ಜೊಲ್ಲು ದಿಂಬಿಗೆ ಇಳಿಯುತ್ತಿತ್ತು.

"ಇವನೇ ತಾನೆ? ಹೌದು ಅನ್ನು, ನಾಳೆ ಕೋರ್ಟಿಗೆ ಕಳಿಸ್ತೀನಿ."

ಸದ್ದಿಗೆ ಓನರ್ ಕಣ್ಣು ಬಿಟ್ಟ. ಮಂಚದ ಪಕ್ಕ ಗ್ಯಾರೇಜು ಬೀದಿಯ ಬಾಮೈದ ನಿಂತಿದ್ದು ಕಂಡದ್ದೇ ತಡ, ಉಸಿರು ಸಿಕ್ಕಿಕೊಂಡವನಂತೆ ಗೊರಗುಟ್ಟಿ, ಎಡ ಮುಂಗೈಯನ್ನು ಮುಖಕ್ಕೆ ಅಡ್ಡ ಹಿಡಿದ.

ಬಾಮೈದ ಆ ಕೈಯನ್ನೇ ನೋಡಿದ. ನೋಡುತ್ತ ನೋಡುತ್ತ ನೆಲಕ್ಕೆ ಕೂತ.

"ಕೈ ಇಳಿಸಿ ಅಣ್ಣಾ. ಕೈ ಇಳಿಸಿ. ನೀವೇನೂ ತಪ್ಪು ಮಾಡಿಲ್ಲ." ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದ. "ನಾನು ಮೇಡಂ. ಇವರು ಆರಕ್ಕೇ ಹೋದ್ರು. ಹೋಗದೆ ಉಳಿದೋನು ನಾನು. ಹೆದರಿಕೆಗೆ ಇವರ ಹೆಸರು ಹೇಳ್ಬಿಟ್ಟೆ. ಹಿಂಗೆ ಹೊಡೀತಾರೆ ಅಂತ ಅಂದ್ಕೊಂಡಿರಲಿಲ್ಲ."

ಮುಖ್ಯ ಪೇದೆ ಓನರನ ಕಾಲಿನ ಬೇಡಿ ಬಿಚ್ಚಿದರು. ವಿಚಾರಣೆ ಆಸ್ಪತ್ರೆಯ ಪಕ್ಕದ ಕೋಣೆಯಲ್ಲೇ ನಡೆಯಿತು.

"ಏನಾಯ್ತು ಹೇಳು."

"ಎರಡು ಗೇಜೂ ಒಟ್ಟಿಗೆ ಹಾಕಿದ್ವಿ. ಇಂಜಿನ್ ಬಿಸಿ ಆಯ್ತು. ಹಳೇದು ನಲವತ್ತಮೂರು, ಹೊಸದು ಐವತ್ತು. ಭಾವ ಎರಡ್ಸಲ ನೋಡಿದ್ರು. ಆಮೇಲೆ ಹೊಟ್ಟೆ ಹಿಡ್ಕೊಂಡು ನಕ್ಕರು. 'ಗೇಜು ತಿನ್ನಬೇಕಾದ ಏಟೆಲ್ಲ ನೀನು ತಿಂದ್ಯಲ್ಲೋ!' ಅಂದ್ರು. ನಗ್ತಾನೇ ಇಂಜಿನ್ ಮೇಲೆ ಬಗ್ಗಿದ್ರು."

"ಯಾವುದರಲ್ಲಿ ಹೊಡೆದೆ?"

"ಉದ್ದದ ಕಬ್ಬಿಣದ ಬಾರ್. ಹಳೆ ಆಯಿಲ್ ಡ್ರಮ್ಮಲ್ಲಿದೆ."

"ಒಂಬತ್ತು ಏಟು. ಎರಡಕ್ಕೇ ಸತ್ತಿದ್ದ."

"ನಗು ನಿಲ್ಲಲಿಲ್ಲ ಮೇಡಂ. ಅವರದ್ದು ನಿಂತಿತ್ತೇನೋ. ನನಗೆ ಕೇಳಿಸ್ತಾನೇ ಇತ್ತು."

"ಆಮೇಲೆ ಪೈಪ್ ಯಾಕೆ ಹಾಕಿದೆ? ಓಡಿಹೋಗಬಹುದಿತ್ತಲ್ಲ."

ಅವನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ಇಂಜಿನ್ ಓಡ್ತಿತ್ತಲ್ಲ. ಹೊಸ ಗೇಜು ನೋಡಿ ನಲವತ್ತಮೂರಕ್ಕೆ ಇಟ್ಟೆ, ನಟ್ ಬಿಗಿ ಮಾಡಿದೆ, ಪೈಪ್ ಹಾಕಿ ಆಫ್ ಮಾಡಿದೆ. ಸರಿಯಾಗಿತ್ತಾ ಮೇಡಂ? ನೀವು ನೋಡಿದ್ರಾ?"

ಆರೋಪಿಗಳ ಪ್ರಶ್ನೆಗೆ ಉತ್ತರ ಕೊಡುವ ಪದ್ಧತಿ ಪೊಲೀಸರಲ್ಲಿಲ್ಲ. "ನೋಡಿದ್ವಿ. ಸರಿಯಾಗಿತ್ತು," ಎಂದರು ಇನ್‌ಸ್ಪೆಕ್ಟರ್. ಅವನು ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

ಆರೂವರೆಗೆ ಡ್ರಮ್ಮಿನೊಳಗಿಂದ ಬಾರ್ ಸಿಕ್ಕಿತು. ಮಹಜರು ಬರೆದು ಮೊಹರು ಮಾಡಿದರು. ಏಳಕ್ಕೆ ದಸ್ತಗಿರಿ ದಾಖಲಾಯಿತು. ಆಸ್ಪತ್ರೆ ಗೇಟಿನಲ್ಲಿದ್ದ ಜನ ಸುದ್ದಿ ಕೇಳಿ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಓನರನ ಹತ್ತಿರ ಹೋಗಿ ತಪ್ಪಾಯಿತು ಎಂದವರು ಒಬ್ಬರೂ ಇರಲಿಲ್ಲ.

ಅಕ್ಕ ಠಾಣೆಗೆ ಬಂದಾಗ ಲಾಕಪ್ಪಿನ ದೀಪ ಹಾಕಿದ್ದರು. ಕಂಬಿಗಳ ನಡುವೆ ಕೈ ತೂರಿಸಿ ತಮ್ಮನ ಕೆನ್ನೆಗೆ ಫಟಾರನೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಅವನ ತುಟಿ ಒಡೆದು ರಕ್ತ ಬಂತು. ಪೇದೆ ತಡೆಯಲು ಹೋದ; ಇನ್‌ಸ್ಪೆಕ್ಟರ್ ಬೇಡವೆಂದು ಕಣ್ಣಲ್ಲೇ ಹೇಳಿದರು.

"ಗೇಜು ಕೆಟ್ಟಿತ್ತಂತೆ! ಗೇಜಿಗೋಸ್ಕರ ನನ್ನ ಮನೆ ಹಾಳು ಮಾಡಿದ್ಯಲ್ಲೋ. ಅಷ್ಟು ನೋವಿದ್ರೆ ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ? ಒಡಹುಟ್ಟಿದೋಳು ನಾನು ಸತ್ತುಹೋಗಿದ್ನಾ?"

"ಹೇಳ್ತಿದ್ನಲ್ಲಕ್ಕಾ," ಎಂದ ಅವನು. ಸ್ವರದಲ್ಲಿ ಸಿಟ್ಟಿರಲಿಲ್ಲ. "ಏಟು ತಿಂದು ಬಂದಾಗಲೆಲ್ಲ ನಿಂಗೇ ಹೇಳ್ತಿದ್ದೆ."

ಮೂರನೆಯ ಸಲ ಎತ್ತಿದ್ದ ಅಕ್ಕನ ಕೈ ಕಂಬಿಗಳ ನಡುವೆ ಹಾಗೇ ನಿಂತಿತು. ಮುಖ್ಯ ಪೇದೆ ಕುರ್ಚಿ ತಂದು ಹಾಕಿದರು. ಅವಳು ಕೂರಲಿಲ್ಲ.