ಸಂತನ ದೋಣಿ ದಡ ಮುಟ್ಟುವವರೆಗೆ

ಬಹಳ ಬಹಳ ಹಿಂದೆ, ಏಳು ಕಡಲು ದಾಟಿದರೆ ಸಿಗುವ ಹಲಿಂಬಾಯ್ ಎಂಬ ದ್ವೀಪರಾಜ್ಯವಿತ್ತು. ಅದನ್ನು ಕಾಯುವವನು ಸಂತ ವಿಸೆಂತೆ. ವರ್ಷಕ್ಕೊಮ್ಮೆ ಅವನ ಮೂರ್ತಿಯನ್ನು ಹೂವಿನ ದೋಣಿಯಲ್ಲಿ ಕೂರಿಸಿ ದ್ವೀಪದ ಸುತ್ತ ಮೆರೆಸುತ್ತಿದ್ದರು. ಅಬ್ಬಬ್ಬಾ, ಏನು ಸಂಭ್ರಮ ಅಂತೀರಿ! ಬೀದಿ ತುಂಬ ಬಣ್ಣದ ಕಾಗದದ ತೋರಣ, ಅಂಗಳದಲ್ಲಿ ಕೆಂಡದ ಮೇಲೆ ತಿರುಗುವ ಹಂದಿ, ಮೂಲೆ ಮೂಲೆಗೂ ತುತ್ತೂರಿ, ಡೋಲು!

ಆ ದಿನಕ್ಕೊಂದು ಕಟ್ಟಳೆ. ದೋಣಿ ತಿರುಗಿ ಬಂದು ದಡ ಮುಟ್ಟುವವರೆಗೆ ಬಾಗಿಲಿಗೆ ಯಾರೇ ಬರಲಿ, ಊಟ ಬಡಿಸಬೇಕು. ಒಂದು ಮನೆಯವರು 'ಇಲ್ಲ' ಅಂದರೂ ಸಾಕು, ದ್ವೀಪವೇ ಮುಳುಗುತ್ತದೆ!

ಇದು ಮಂತ್ರವಾದಿ ಬಕುನೋಗನ ಕಿವಿಗೆ ಬಿತ್ತು. ದ್ವೀಪ ಮುಳುಗಿದರೆ ಆ ಕಡಲೆಲ್ಲ ತನ್ನದೇ! ಊರಿಗೇ ಬಡವಿ ಯಾರೆಂದು ಹುಡುಕಿದ. ಸಿಕ್ಕವಳು ಪಾಸಿಂಗ್, ಬಲೆ ಹೆಣೆಯುವ ವಿಧವೆ. ಅವಳ ಒಲೆಯ ಮೇಲಿದ್ದದ್ದು ಒಂದು ಮಡಕೆ ಅನ್ನ, ಅಷ್ಟೇ.

ಮೊದಲು ಬಂತು ಅವನು ಕಳಿಸಿದ ಮಾಯೆಯ ಮೊಸಳೆ, ತಲೆಗೆ ಟೋಪಿ ಹಾಕಿಕೊಂಡು!

"ತಾಯಿ, ಹಸಿವು."

"ಬಾರಪ್ಪಾ, ಬಾಲ ಮಡಚಿಕೊಂಡು ಕೂತ್ಕೋ."

ಮೊಸಳೆ ಮಡಕೆಯನ್ನು ನೆಕ್ಕಿ ಖಾಲಿ ಮಾಡಿ ಹೋಯಿತು. ಪಾಸಿಂಗ್ ಬೇಲಿಯ ಮೇಲಿಂದ ಪಕ್ಕದ ಮನೆಯ ಓಂದೆಂಗ್ ಎಂಬಾಕೆಯನ್ನು ಕೂಗಿದಳು. "ಅಕ್ಕಾ, ಒಂದು ತಟ್ಟೆ ಏನಾದ್ರೂ ಕೊಡೇ!"

"ತಟ್ಟೆ ಯಾಕೆ, ಬೋಗುಣಿನೇ ತಗೋ!"

ಎರಡನೆಯದು ಎಮ್ಮೆಗಾತ್ರದ ಹದ್ದು. ಬೋಗುಣಿಯೂ ಬರಿದು! ಪಾಸಿಂಗ್ ಮತ್ತೆ ಬೇಲಿಗೆ ಓಡಿದಳು. ಓಂದೆಂಗ್ ಸುಟ್ಟ ಹಂದಿಯನ್ನು ಇಡಿಯಾಗಿ ದಾಟಿಸಿದಳು. "ಇನ್ನು ನಮ್ಮನೇಲಿ ಉಳಿದಿರೋದು ನನ್ನ ಗಂಡ. ಬೇಕಾದ್ರೆ ಅವನನ್ನೂ ಕಳಿಸ್ತೀನಿ!"

ಮೂರನೆಯವನಾಗಿ ಖುದ್ದು ಬಕುನೋಗನೇ ಬಂದ. ಮೂಳೆ ಸಮೇತ ಹಂದಿ ಮಾಯ!

"ಇನ್ನೂ ಬಡಿಸಮ್ಮಾ. ಆಗದಿದ್ರೆ ಇಲ್ಲ ಅಂದ್ಬಿಡು," ಎಂದು ಹಲ್ಲು ಕಿರಿದ.

ಸಂತನ ದೋಣಿ ಕಣ್ಣಿಗೆ ಕಾಣುತ್ತಿದೆ, ದಡಕ್ಕಿನ್ನೂ ದೂರ. ಪಾಸಿಂಗ್ ಬೇಲಿಯತ್ತ ನೋಡಿದಳು, ಅಲ್ಲೂ ಎಲ್ಲ ಖಾಲಿ. ಅಷ್ಟರಲ್ಲಿ ಬೀದಿಯ ಬ್ಯಾಂಡು ಅವಳ ಬಾಗಿಲಿಗೇ ಬಂತು. ಬಕುನೋಗನ ಕೈ ಗಬಕ್ಕನೆ ಹಿಡಿದಳು.

"ಬಡಿಸ್ತೀನಿ ಅಣ್ಣಾ! ಆದ್ರೆ ಎರಡನೇ ಸಲ ಬಡಿಸೋ ಮುಂಚೆ ಅತಿಥಿ ಜೊತೆ ಕುಣೀಬೇಕು, ನಮ್ಮೂರ ಪದ್ಧತಿ. ಕುಣಿಯೋಕೆ ಬರುತ್ತೆ ತಾನೇ?"

"ಬರದೆ ಏನು!"

ನೂರು ವರ್ಷದಿಂದ ಅವನನ್ನು ಯಾರೂ ಕುಣಿಯಲು ಕರೆದಿರಲಿಲ್ಲ, ಪಾಪ. ಮೊದಲ ಸುತ್ತು ಬಿಗುಮಾನದಿಂದ ಕುಣಿದ. ಎರಡನೆಯ ಸುತ್ತಿಗೆ ತೋಳು ಬೀಸಿದ. ಮೂರನೆಯದಕ್ಕೆ "ಬಾರಿಸ್ರೋ, ಇನ್ನೂ ಜೋರಾಗಿ ಬಾರಿಸ್ರೋ!" ಎಂದು ತಾನೇ ಕೂಗಿದ. ದೋಣಿ ದಡ ಮುಟ್ಟಿದಾಗ ಬಾರಿಸುವ ಸಂತನ ಗಂಟೆ ಕಿವಿಗೆ ಬಿದ್ದರೆ ತನ್ನ ಮಂತ್ರ ಉಳಿಯುವುದಿಲ್ಲ ಅನ್ನುವುದನ್ನೇ ಮರೆತುಬಿಟ್ಟ ನೋಡಿ!

ಢಣ್! ದೋಣಿ ದಡ ಮುಟ್ಟಿತು, ಗಂಟೆ ಬಾರಿಸಿತು. ಬಕುನೋಗನ ಮಂತ್ರವೆಲ್ಲ ಹೊಗೆಯಾಗಿ ಹಾರಿಹೋಯಿತು. ಮೊಸಳೆ, ಹದ್ದು ಎರಡೂ ಮನುಷ್ಯರಾದವು. ಎಂದೋ ಕಾಣೆಯಾಗಿದ್ದ ಇಬ್ಬರು ಬೆಸ್ತರು! ಬಕುನೋಗನ ಜಾಗದಲ್ಲಿ ಉಳಿದವನು ಏದುಸಿರು ಬಿಡುವ ಒಬ್ಬ ಡೊಳ್ಳುಹೊಟ್ಟೆಯ ಮುದುಕ.

"ಕುಣಿದದ್ದಾಯ್ತಲ್ಲಮ್ಮಾ, ಈಗ ಬಡಿಸ್ತೀಯಾ?"

ಪಾಸಿಂಗ್ ಸೊಂಟಕ್ಕೆ ಕೈಯಿಟ್ಟು, ಊರೆಲ್ಲ ಕೇಳುವ ಹಾಗೆ "ಇಲ್ಲ!" ಅಂದಳು. ದ್ವೀಪ ಕೂದಲೆಳೆಯಷ್ಟೂ ಅಲುಗಲಿಲ್ಲ. "ಮೊದಲು ಪಾತ್ರೆ ತೊಳಿ!"

ತೊಳೆದ. ಊರವರೂ ಬೆಸ್ತರೂ ಬಕುನೋಗನೂ ಅಂದಿನಿಂದ ನಗುನಗುತ್ತಾ ಬಾಳಿದರು.