ಸುಮ್ಮನಾದ ಹಲ್ಲು

“ಹೋಯ್ತು! ನೋವು ಪೂರ್ತಿ ಹೋಯ್ತು!”

ತಾತ ಗುಂಡಿ ಹೊಲಿದ ಶರ್ಟನ್ನು ಬಾಯಿಯ ಹತ್ತಿರ ತಂದು, ದಾರವನ್ನು ನೋಯುತ್ತಿದ್ದ ಕೋರೆಹಲ್ಲಿನಿಂದಲೇ ಕಟಕ್ಕನೆ ಕಡಿದರು. ಕತ್ತರಿ ಹೊಲಿಗೆ ಮೆಷಿನ್ ಮೇಲೇ ಇತ್ತು. ಆದರೆ ನಲವತ್ತು ವರ್ಷ ಬಟ್ಟೆ ಹೊಲಿದ ತಾತನಿಗೆ ಹಲ್ಲೇ ಕತ್ತರಿ.

ನಾಲ್ಕು ದಿನದಿಂದ ಅವರು ಊದಿದ ಕೆನ್ನೆ ಹಿಡಿದುಕೊಂಡು ನರಳುತ್ತಿದ್ದರು. ಅಮ್ಮನ ಕಾಲಿನ ಗಾಯಕ್ಕೆ ತಂದು ಉಳಿದಿದ್ದ ಆಂಟಿಬಯೋಟಿಕ್ ಮಾತ್ರೆ ಎರಡನ್ನು ಯಾರನ್ನೂ ಕೇಳದೆ ನುಂಗಿಯೂ ಇದ್ದರು.

“ಗಿಣಿ, ಡೆಂಟಿಸ್ಟ್‌ಗೆ ಫೋನ್ ಮಾಡು. ಸಾಯಂಕಾಲ ಬರಲ್ಲ ಅಂತ ಹೇಳ್ಬಿಡು.”

ಕೇಳಿದ್ದನ್ನೆಲ್ಲ ಹಾಗೇ ಒಪ್ಪಿಸುತ್ತಾಳೆಂದು ಮನೆಯವರೆಲ್ಲ ಈ ಮೊಮ್ಮಗಳನ್ನು ಗಿಣಿ ಎಂದೇ ಕರೆಯುತ್ತಿದ್ದರು. ಹಲ್ಲಿನ ಡಾಕ್ಟರ್ ಆಗಲು ಓದುತ್ತಿದ್ದ ಅಕ್ಕ ಪಾಠ ಒಪ್ಪಿಸುವಾಗ, ಪುಸ್ತಕ ಹಿಡಿದು ತಪ್ಪು ಹುಡುಕುವುದು ಗಿಣಿಯ ಕೆಲಸ. ಅಕ್ಕ ನಿನ್ನೆ ಒಪ್ಪಿಸಿದ ಒಂದು ಸಾಲು ಅವಳಿಗೆ ಥಟ್ಟನೆ ನೆನಪಾಯಿತು.

“ತಾತ, ನೋವು ತಾನಾಗೇ ನಿಂತ್ರೆ ಒಳಗಿನ ನರ ಸತ್ತಿರಬಹುದಂತೆ. ಸೋಂಕು ಮಾತ್ರ ಹಾಗೇ ಇರತ್ತೆ. ಬೇರಿನಿಂದ ದವಡೆ ಮೂಳೆಗೆ ಇಳಿಯತ್ತೆ!”

“ಮಾತ್ರೆ ತಗೊಂಡೆನಲ್ಲೇ!”

“ಮಾತ್ರೆ ಹೋಗೋದು ರಕ್ತದ ಜೊತೆ. ಸತ್ತ ಹಲ್ಲಿನೊಳಗೆ ರಕ್ತ ಎಲ್ಲಿ ಹೋಗತ್ತೆ?”

“ನಿನಗಿನ್ನೂ ಹಾಲುಹಲ್ಲೇ ಪೂರ್ತಿ ಬಿದ್ದಿಲ್ಲ, ನನಗೆ ಪಾಠ ಹೇಳ್ತೀಯಾ? ತಲೆ ತಿನ್ಬೇಡ, ಹೋಗು!” ತಾತ ಜೋರಾಗಿ ನಕ್ಕರು.

ಗಿಣಿಗೆ ಅಳುವೇ ಬಂತು. ಅಕ್ಕ ಪರೀಕ್ಷೆ ಬರೆಯುತ್ತಿದ್ದಳು, ಅವಳ ಫೋನ್ ಆಫ್. ಅಮ್ಮ ಕೆಲಸಕ್ಕೆ ಹೋಗಿದ್ದಳು. ತಾತನನ್ನು ಒಪ್ಪಿಸಬೇಕಾದರೆ ತಾನೇ ಒಪ್ಪಿಸಬೇಕು. ಅಕ್ಕನ ಪುಸ್ತಕದಲ್ಲಿ ಇದಕ್ಕೊಂದು ಪರೀಕ್ಷೆ ಇತ್ತಲ್ಲ?

ಅವಳು ಓಡಿಹೋಗಿ ಫ್ರಿಜ್‌ನಿಂದ ಒಂದು ಐಸ್ ತುಂಡು ತಂದಳು.

“ಒಂದೇ ಒಂದು ಟೆಸ್ಟ್, ತಾತ. ನೀನು ಗೆದ್ರೆ ನಾನೇ ಫೋನ್ ಮಾಡ್ತೀನಿ.”

“ಆಯ್ತು, ಮಾಡು!” ತಾತ ಆ ಎಂದು ಬಾಯಿ ತೆರೆದರು.

ಗಿಣಿ ಮೊದಲು ಒಳ್ಳೆಯ ಕಡೆಯ ಕೋರೆಹಲ್ಲಿಗೆ ಐಸ್ ಮುಟ್ಟಿಸಿದಳು.

“ಅಯ್ಯಯ್ಯೋ! ಜುಂ ಅಂತು ಕಣೇ!” ತಾತ ಸ್ಟೂಲಿನಿಂದ ಹಾರಿಬಿದ್ದರು.

ಆಮೇಲೆ ನೋಯುತ್ತಿದ್ದ ಹಲ್ಲಿಗೆ ಹಿಡಿದಳು. ಒಂದು, ಎರಡು, ಮೂರು... ಹತ್ತು ಎಣಿಸಿದರೂ ತಾತ ಕದಲಲಿಲ್ಲ.

“ನೋಡ್ದಾ? ಏನೂ ಆಗಲ್ಲ! ಕಲ್ಲಿನ ಥರ ಗಟ್ಟಿಯಾಗಿದೆ. ಗೆದ್ದೆ!”

“ನೀನು ಸೋತೆ, ತಾತ. ಜೀವ ಇರೋ ಹಲ್ಲಿಗೆ ಜುಂ ಅನ್ನತ್ತೆ. ಇದಕ್ಕೆ ಏನೂ ಗೊತ್ತಾಗ್ತಿಲ್ಲ.”

ತಾತನ ನಗು ಅಲ್ಲೇ ನಿಂತಿತು. ನಾಲಿಗೆಯಿಂದ ಆ ಹಲ್ಲನ್ನು ಒಮ್ಮೆ ತಡವಿ ನೋಡಿಕೊಂಡರು.

“ಚಪ್ಪಲಿ ಹಾಕ್ಕೋ,” ಎಂದರು ಮೆಲ್ಲಗೆ.

ಕ್ಲಿನಿಕ್ಕಿನ ಡಾಕ್ಟರಮ್ಮ ಎಕ್ಸ್‌ರೇ ತೆಗೆದು, ಬೇರಿನ ತುದಿಯ ಕಪ್ಪು ಮಚ್ಚೆಯ ಮೇಲೆ ಬೆರಳಿಟ್ಟರು. “ಇಲ್ಲಿ ಕೀವು ಕಟ್ಟಿದೆ. ಬೇರಿನೊಳಗೆ ಕ್ಲೀನ್ ಮಾಡಿದ್ರೆ ಹಲ್ಲು ಉಳಿಯತ್ತೆ. ಇನ್ನೂ ತಡವಾಗಿದ್ರೆ ಕೀಳಬೇಕಾಗ್ತಿತ್ತು. ನೋವಿಲ್ಲ ಅಂತೀರಿ, ಆದ್ರೂ ಬಂದ್ರಲ್ಲ! ಯಾರು ಕಳಿಸಿದ್ದು?”

“ನಮ್ಮನೆ ಡಾಕ್ಟ್ರು,” ತಾತ ಗಿಣಿಯ ಕಡೆ ತೋರಿಸಿದರು. “ಐಸ್ ಇಟ್ಟು ಕಂಡುಹಿಡಿದ್ಲು.”

ಡಾಕ್ಟರಮ್ಮ ಹುಬ್ಬೇರಿಸಿದರು. “ಕೋಲ್ಡ್ ಟೆಸ್ಟಾ? ಭೇಷ್!”

ಗಿಣಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಕ್ಕ ಬಂದ ಕೂಡಲೇ ಹೇಳಬೇಕು, ಸ್ಕೂಲಿನಲ್ಲಿ ಹೇಳಬೇಕು, ಬೀದಿಗೆಲ್ಲ ಹೇಳಬೇಕು!

ಅಷ್ಟರಲ್ಲಿ ಕುರ್ಚಿ ಹಿಂದಕ್ಕೆ ಬಾಗಿತು, ದೊಡ್ಡ ದೀಪ ಹತ್ತಿತು. ತಾತನ ಕೈ ತಡಕಾಡುತ್ತ ಬಂದು ಅವಳ ಕೈ ಹಿಡಿಯಿತು. ಅಂಗೈ ಬೆವರಿನಿಂದ ಒದ್ದೆಯಾಗಿತ್ತು.

ಮನೆಯಲ್ಲಿ ತಾತ ಅಷ್ಟು ಜೋರಾಗಿ ನಕ್ಕಿದ್ದು ಏಕೆಂದು ಗಿಣಿಗೆ ಆಗ ಹೊಳೆಯಿತು. ಅದನ್ನು ಮಾತ್ರ ಅವಳು ಯಾರಿಗೂ ಹೇಳುವುದಿಲ್ಲ.

ತನ್ನ ಇನ್ನೊಂದು ಕೈಯನ್ನೂ ತಾತನ ಕೈಯ ಮೇಲಿಟ್ಟು, “ಡಾಕ್ಟ್ರೇ, ನಮ್ ತಾತ ರೆಡಿ,” ಎಂದಳು.