ಉಲ್ಟಾ ಪಟ್ಟಿಯಲ್ಲಿ ಉಳಿದ ಹೆಸರು

ಬೆಳಿಗ್ಗೆ ಪ್ರಯೋಗಾಲಯ ತೆರೆದಾಗ ಸರ್ವರ್‌ನಲ್ಲಿದ್ದ ನಲವತ್ತು ವರದಿಗಳು ಮಂಗಮಾಯ! ಎಲ್ಲವೂ ಒಂದೇ ಕಾರ್ಖಾನೆಯ ಬಾಟಲಿ ನೀರಿನವು. ಎಲ್ಲದರಲ್ಲೂ ಒಂದೇ ಮಾತಿತ್ತು—ಕುಡಿಯಲು ಯೋಗ್ಯವಲ್ಲ.

ಹತ್ತು ಗಂಟೆಗೆ ನಿರ್ದೇಶಕರು ಮೊಂಡಿಯನ್ನು ಕರೆಸಿದರು. ಕಚೇರಿಯ ಕಂಪ್ಯೂಟರ್‌ಗಳನ್ನೆಲ್ಲ ನೋಡಿಕೊಳ್ಳುವವಳು ಅವಳೇ. ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ.

“ತಪ್ಪಾಯ್ತು ಅಂತ ಬರೆದುಕೊಟ್ಟು ಕೆಲಸ ಬಿಡಮ್ಮ. ಪೊಲೀಸು ಗಿಲೀಸು ಬೇಡ.”

“ಮಾಡದ ತಪ್ಪಿಗೆ ಬರೆದುಕೊಡಲ್ಲ ಸಾರ್.”

“ಪಾಸ್‌ವರ್ಡ್ ಯಾರ್‍ಯಾರ ಹತ್ರ ಇದೆ?”

“ನಿಮ್ಮ ಹತ್ರ, ನನ್ನ ಹತ್ರ, ಇವರ ಹತ್ರ.”

‘ಇವರು’ ಎಂದರೆ ಪಕ್ಕದಲ್ಲೇ ಕಾಲಮೇಲೆ ಕಾಲು ಹಾಕಿ ಕೂತಿದ್ದ ಆಡಳಿತಾಧಿಕಾರಿ. ಅವನು ನಕ್ಕ. “ನಿನ್ನೆ ಸಂಜೆ ವರದಿಗಳನ್ನ ಅಳಿಸಿದ ಕಂಪ್ಯೂಟರ್ ನಂಬರ್ ಸರ್ವರ್ ದಾಖಲೆಯಲ್ಲಿದೆ. ಆದ್ರೆ ಆ ನಂಬರ್ ನಮ್ಮ ಪಟ್ಟಿಯಲ್ಲೇ ಇಲ್ಲ. ಗುಟ್ಟಾಗಿ ಯಂತ್ರ ತಂದು ಸೇರಿಸೋದು ಈಯಮ್ಮನಿಗಲ್ಲದೆ ಯಾರಿಗೆ ಬರುತ್ತೆ?”

ಮೊಂಡಿಗೆ ಮೈಯೆಲ್ಲ ಉರಿದುಹೋಯಿತು. ಎಂಟು ವರ್ಷ ದುಡಿದ ಜಾಗದಲ್ಲಿ ಕಳ್ಳಿಯ ಪಟ್ಟವೇ? ನಿರ್ದೇಶಕರ ಕೀಲಿಮಣೆಯನ್ನು ಕೇಳದೆಯೇ ತನ್ನತ್ತ ಎಳೆದುಕೊಂಡಳು.

“ಯಾವ ಪಟ್ಟಿ ನೋಡಿದ್ರಿ?”

“ಇರೋದೊಂದೇ ಅಲ್ವಾ?”

“ಎರಡಿದೆ! ಒಂದಕ್ಕೆ ಯಂತ್ರದ ಹೆಸರು ಕೊಟ್ರೆ ನಂಬರ್ ಹೇಳುತ್ತೆ. ಇನ್ನೊಂದು ಉಲ್ಟಾ—ನಂಬರ್ ಕೊಟ್ರೆ ಹೆಸರು. ಎರಡೂ ಬೇರೆ ಬೇರೆ ಕಡತ.”

“ಉಲ್ಟಾ ಯಾಕಮ್ಮ ಬೇಕು?” ನಿರ್ದೇಶಕರು ಕೇಳಿದರು.

“ದಾಖಲೆಯಲ್ಲಿ ಬೀಳೋದು ಬರೀ ನಂಬರ್ ಸಾರ್. ಯಾರು ಬಂದಿದ್ರು ಅಂತ ತಿಳಿಯೋಕೆ ಇದು ಬೇಕು. ನಮ್ಮ ಮೇಲ್ ಹೋದಾಗ ಹೊರಗಿನ ಸರ್ವರ್‌ಗಳೂ ಹೀಗೇ ವಿಚಾರಿಸ್ತವೆ. ನಮ್ಮ ಮೇಲ್ ಸರ್ವರ್ ನಂಬರಿಗೆ ಹೆಸರು ಸಿಗದಿದ್ರೆ ಎಷ್ಟೋ ಕಡೆ ಒಳಗೇ ಬಿಡಲ್ಲ.”

ಅವಳು ನಂಬರ್ ಒತ್ತಿದಳು. ಉತ್ತರ ಬಂತು: ‘ಆಡಳಿತ-ಕಿಟಕಿ-ಪಕ್ಕ.’ ಯಂತ್ರಗಳಿಗೆ ಅವು ಇರುವ ಜಾಗದ ಹೆಸರಿಡುವುದು ಅವಳ ರೂಢಿ.

ಆಡಳಿತಾಧಿಕಾರಿಯ ಕಾಲು ಕೆಳಗಿಳಿಯಿತು. “ಇದನ್ನ ಈಗ ತಾನೇ ಬರೆದಿರಬಹುದು!”

“ತಾರೀಕು ಇಲ್ಲೇ ಇದೆ, ನೋಡಿ. ಈ ಕಡತ ತಿದ್ದಿ ಒಂದು ವರ್ಷ ಆಯ್ತು. ಮೊದಲನೇದನ್ನ ತಿದ್ದಿರೋದು ನಿನ್ನೆ, ವರದಿ ಅಳಿಸಿದ ಹತ್ತು ನಿಮಿಷಕ್ಕೆ. ನಂಬಿಕೆ ಇಲ್ವಾ? ನಡೀರಿ ನಿಮ್ಮ ಕೋಣೆಗೆ!”

ಕಿಟಕಿ ಪಕ್ಕದ ಕಂಪ್ಯೂಟರ್‌ಗೆ ಈಗಲೂ ಅದೇ ನಂಬರ್ ಇತ್ತು. ಆ ಕೋಣೆಯ ಬೀಗದ ಕೈ ಇದ್ದದ್ದು ಅವನೊಬ್ಬನ ಹತ್ತಿರ.

“ನಾನೇ ಕಳ್ಳಿಯಾಗಿದ್ರೆ ಎರಡೂ ಪಟ್ಟಿಯಿಂದ ಹೆಸರು ಅಳಿಸ್ತಿದ್ದೆ,” ಎಂದಳು ಮೊಂಡಿ. “ನಾನು ರಜೆ ಹೋಗೋವಾಗ ಮೊದಲನೇ ಪಟ್ಟಿ ತಿದ್ದೋದನ್ನ ನಿಮಗೊಬ್ಬರಿಗೇ ಹೇಳಿಕೊಟ್ಟಿದ್ದೆ. ಎರಡನೇದನ್ನ ಹೇಳಿಕೊಡಲಿಲ್ಲ. ಅದಕ್ಕೇ ಸಿಕ್ಕಿಬಿದ್ರಿ.”

ನಿರ್ದೇಶಕರು ಬಾಗಿಲು ಮುಂದೆ ಮಾಡಿದರು. “ನಿನ್ನ ಕೆಲಸ ಉಳೀತಲ್ಲಮ್ಮ. ಕಚೇರಿ ಮಾನ ನೋಡು, ಇಷ್ಟಕ್ಕೇ ಬಿಡು.”

“ಆ ನೀರನ್ನ ಜನ ಈಗಲೂ ಕುಡೀತಿದ್ದಾರೆ ಸಾರ್,” ಎಂದು ಮೊಂಡಿ ಅಲ್ಲೇ ನಿಂತು ಪೊಲೀಸರಿಗೆ ಫೋನ್ ಹಚ್ಚಿದಳು.